ಅಳಿದ ವಿಮಾನ, ಉಳಿದ ಪ್ರತಿಕೃತಿ: ಆವ್ರೋ ಕೆನಡಾ ಸಿ-102 ಜೆಟ್‌ಲೈನರ್ ಕುರಿತು ಕೆಲವು ವಿಚಾರಗಳು

ಪೀಠಿಕೆ

ಅಳಿದುಹೋದ ವಸ್ತುವೊಂದರ ಚರಿತ್ರೆಯನ್ನು ಬರೆಯಹೊರಟವರಿಗೆ ಬರಹ, ಚಿತ್ರ ಮತ್ತು ಪ್ರತಿಕೃತಿ ಎಂಬ ಮೂರು ಬಗೆಯ ಆಕರಗಳು ಒದಗುತ್ತವೆ. ಇವುಗಳಲ್ಲಿ ಮೊದಲ ಎರಡನ್ನು ಪರಾಮರ್ಶಿಸುವ ಕ್ರಮವನ್ನು ಚರಿತ್ರಕಾರರು ಬಹುಕಾಲದಿಂದ ರೂಢಿಸಿಕೊಂಡು ಬಂದಿದ್ದಾರೆ. ಮೂರನೆಯದಾದ ಪ್ರತಿಕೃತಿಯನ್ನು ಮಾತ್ರ ಆಟದ ಸಾಮಾನೆಂದೋ ಪ್ರದರ್ಶನಾಲಯದ ಅಲಂಕಾರವೆಂದೋ ಬದಿಗಿಡುವುದೇ ಹೆಚ್ಚು. ಮೂಲವಸ್ತು ಕಣ್ಣೆದುರಿಗೆ ಇರುವಾಗ ಇದರಿಂದ ಅಷ್ಟೇನೂ ಹಾನಿಯಿಲ್ಲ. ಆದರೆ ಮೂಲವು ಪೂರ್ತಿಯಾಗಿ ನಾಶವಾಗಿ, ಅದರ ಮೂರು ಆಯಾಮಗಳ ರೂಪವನ್ನು ತೋರಿಸಬಲ್ಲದ್ದು ಪ್ರತಿಕೃತಿಯೊಂದೇ ಆಗಿ ಉಳಿದಾಗ ಅದನ್ನು ಹೇಗೆ ಓದಬೇಕು, ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆ ಎದುರಾಗುತ್ತದೆ. ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಜೆಟ್ ಪ್ರಯಾಣಿಕ ವಿಮಾನಗಳ ಮೊದಲ ದಿನಗಳ ಒಂದು ಮೂಲಮಾದರಿಯ ಹಿನ್ನೆಲೆಯಲ್ಲಿ ಪರಿಶೀಲಿಸುತ್ತದೆ. 1949ರಲ್ಲಿ ಹಾರಿ, 1956ರಲ್ಲಿ ತುಂಡುತುಂಡಾದ ಆವ್ರೋ ಕೆನಡಾ ಕಂಪನಿಯ ಸಿ-102 ಜೆಟ್‌ಲೈನರ್ ಆ ವಿಮಾನ.

ಇಂಥ ಓದು ನಮ್ಮ ವಿದ್ವತ್ ಪರಂಪರೆಗೆ ಹೊಸದೇನಲ್ಲ. ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಹೊರಗೋಡೆಯ ಅರೆಗಂಬಗಳ ಮೇಲೆ ಕಡೆದಿರುವ ಕಿರುಶಿಖರಗಳನ್ನು ವಾಸ್ತುವಿದ್ವಾಂಸರು ಬರಿಯ ಅಲಂಕಾರವೆಂದು ತಳ್ಳಿಹಾಕಲಿಲ್ಲ. ಆ ಕಾಲದ ಶಿಲ್ಪಿಗಳಿಗೆ ಪರಿಚಿತವಾಗಿದ್ದ ಶಿಖರಪ್ರಭೇದಗಳಿಗೆ ಅವುಗಳನ್ನು ಸಾಕ್ಷ್ಯವೆಂದು ಬಳಸಿಕೊಂಡಿದ್ದಾರೆ. ಗರ್ಭಗೃಹದ ಮೇಲಣ ಕಟ್ಟಡಕ್ಕೂ ಆಕಾಶಯಾನಕ್ಕೂ ನಾವು ‘ವಿಮಾನ’ವೆಂಬ ಒಂದೇ ಪದವನ್ನು ಬಳಸುತ್ತೇವೆ, ಆ ಪದದೊಳಗಿರುವುದು ಅಳೆಯುವುದೆಂಬ ಅರ್ಥದ ಧಾತು. ಅಳತೆಗೆ ತಕ್ಕಂತೆ ಕಿರಿದುಗೊಳಿಸಿದ ರೂಪವು ಹಿರಿದಾದುದನ್ನು ಕುರಿತು ಸಾಕ್ಷಿ ನುಡಿಯಬಲ್ಲದೆಂಬ ತಿಳಿವಳಿಕೆ ಎರಡೂ ಕ್ಷೇತ್ರಗಳಿಗೆ ಸಮಾನವಾದುದು.

ಅಳತೆಯ ಲೆಕ್ಕ

ವಿಮಾನಗಳ ಪ್ರತಿಕೃತಿಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವುದು 72ರಲ್ಲಿ ಒಂದು ಎಂಬ ಪ್ರಮಾಣ. ಇದರ ಮೂಲ ಇಂಗ್ಲಿಷ್ ಅಳತೆ ಪದ್ಧತಿಯಲ್ಲಿದೆ. ಮೂಲದ ಆರು ಅಡಿ ಪ್ರತಿಕೃತಿಯಲ್ಲಿ ಒಂದು ಅಂಗುಲವಾಗುತ್ತದೆ. 1930ರ ದಶಕದಲ್ಲಿ ಬ್ರಿಟನ್ನಿನ ಪ್ರತಿಕೃತಿ ತಯಾರಕರು ಈ ಪ್ರಮಾಣವನ್ನು ಜನಪ್ರಿಯಗೊಳಿಸಿದರು. ಎರಡನೆಯ ಮಹಾಯುದ್ಧವು ಅದಕ್ಕೆ ಅಧಿಕೃತ ಸ್ಥಾನವನ್ನು ತಂದುಕೊಟ್ಟಿತು. ಸ್ವಪಕ್ಷದ ಮತ್ತು ಶತ್ರುಪಕ್ಷದ ವಿಮಾನಗಳನ್ನು ದೂರದಿಂದಲೇ ಗುರುತಿಸುವ ತರಬೇತಿಗಾಗಿ ಅಮೆರಿಕದ ನೌಕಾಪಡೆ 1942ರಲ್ಲಿ ಶಾಲಾವಿದ್ಯಾರ್ಥಿಗಳಿಂದ ಇದೇ ಪ್ರಮಾಣದ 5,00,000 ಮರದ ಪ್ರತಿಕೃತಿಗಳನ್ನು ಮಾಡಿಸಲು ಮುಂದಾಯಿತು. ವಿಮಾನದ ಹೊರರೇಖೆಯನ್ನು ನಿಖರವಾಗಿ ತೋರಿಸುವುದಷ್ಟೇ ಅವುಗಳ ಕೆಲಸವಾಗಿತ್ತು. ಪ್ರತಿಕೃತಿಯ ಸಾಮರ್ಥ್ಯವೂ ಮಿತಿಯೂ ಈ ಉದ್ದೇಶದಲ್ಲಿಯೇ ಅಡಗಿವೆ.

ಜೆಟ್‌ಲೈನರಿನ ಉದ್ದ ಸುಮಾರು 25.1 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 29.9 ಮೀಟರ್. 72ರಲ್ಲಿ ಒಂದರ ಪ್ರಮಾಣದಲ್ಲಿ ಇವು ಕ್ರಮವಾಗಿ ಸುಮಾರು 34.9 ಮತ್ತು 41.5 ಸೆಂಟಿಮೀಟರುಗಳಾಗುತ್ತವೆ. ಮೇಜಿನ ಮೇಲೆ ಇಡಬಹುದಾದ ವಸ್ತು. ಆದರೆ ಉದ್ದವು 72 ಪಟ್ಟು ಕುಗ್ಗಿದಾಗ ಮೇಲ್ಮೈಯ ವಿಸ್ತೀರ್ಣ 5,184 ಪಟ್ಟು, ಘನಗಾತ್ರ 3,73,248 ಪಟ್ಟು ಕುಗ್ಗುತ್ತದೆ. ಮೂಲದಲ್ಲಿ ಒಂದು ಮಿಲಿಮೀಟರ್ ದಪ್ಪದ ಲೋಹದ ತಗಡು ಇದ್ದರೆ ಪ್ರತಿಕೃತಿಯಲ್ಲಿ ಅದು 0.014 ಮಿಲಿಮೀಟರ್ ಆಗಬೇಕು. ಯಾವ ಕುಶಲಿಯೂ ಅದನ್ನು ಹಾಗೆ ಮಾಡಲಾರ. ಆದ್ದರಿಂದ ಪ್ರತಿಕೃತಿ ಎಂಬುದು ಆಕಾರದಲ್ಲಿ ಪ್ರಮಾಣಬದ್ಧವಾಗಿದ್ದರೂ ದಪ್ಪದಲ್ಲಿ, ತೂಕದಲ್ಲಿ, ಬಲದಲ್ಲಿ ಪ್ರಮಾಣಬದ್ಧವಲ್ಲ. ಈ ಸರಳ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪ್ರತಿಕೃತಿಗೆ ಯಾವ ಪ್ರಶ್ನೆಯನ್ನು ಕೇಳಬಹುದು, ಯಾವುದನ್ನು ಕೇಳಬಾರದು ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಜೆಟ್‌ಲೈನರಿನ ಹುಟ್ಟು

ಕೆನಡಾ ದೇಶದ ಟೊರಾಂಟೊ ನಗರದ ಬಳಿಯ ಮಾಲ್ಟನ್‌ನಲ್ಲಿ ಯುದ್ಧಕಾಲದಲ್ಲಿ ವಿಕ್ಟರಿ ಏರ್‌ಕ್ರಾಫ್ಟ್ ಎಂಬ ಕಾರ್ಖಾನೆ ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳನ್ನು ತಯಾರಿಸುತ್ತಿತ್ತು. ಯುದ್ಧ ಮುಗಿದ 1945ರಲ್ಲಿ ಬ್ರಿಟನ್ನಿನ ಹಾಕರ್ ಸಿಡ್ಲಿ ಸಮೂಹವು ಅದನ್ನು ವಹಿಸಿಕೊಂಡು ಆವ್ರೋ ಕೆನಡಾ ಕಂಪನಿಯನ್ನು ಸ್ಥಾಪಿಸಿತು. ಆವ್ರೋ ಎಂಬ ಹೆಸರು ಭಾರತೀಯ ಓದುಗರಿಗೆ ಅಪರಿಚಿತವಲ್ಲ. ಅದೇ ಮನೆತನದ ಬ್ರಿಟಿಷ್ ಶಾಖೆ ರೂಪಿಸಿದ 748 ವಿಮಾನವನ್ನು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕಾನ್ಪುರ ವಿಭಾಗ 1960ರ ದಶಕದಿಂದ ನಮ್ಮಲ್ಲಿಯೇ ತಯಾರಿಸಿತು. ಜನರ ಬಾಯಲ್ಲಿ ಅದು ‘ಆವ್ರೋ’ ಎಂದೇ ಪ್ರಸಿದ್ಧವಾಯಿತು.

ಟ್ರಾನ್ಸ್-ಕೆನಡಾ ಏರ್‌ಲೈನ್ಸ್ ಎಂಬ ಸರ್ಕಾರಿ ವಿಮಾನಯಾನ ಸಂಸ್ಥೆ 1946ರ ಹೊತ್ತಿಗೆ ಜೆಟ್ ಎಂಜಿನ್ನಿನ ಪ್ರಯಾಣಿಕ ವಿಮಾನವೊಂದರ ಬಗೆಗೆ ಆಸಕ್ತಿ ತೋರಿಸಿತು. 36 ಪ್ರಯಾಣಿಕರು ಕುಳಿತುಕೊಳ್ಳಬಹುದಾದ, ಗಂಟೆಗೆ 400 ಮೈಲಿಗೂ ಮೀರಿದ ವೇಗದ ವಿಮಾನ ಅದಕ್ಕೆ ಬೇಕಾಗಿತ್ತು. ಇಂಗ್ಲೆಂಡಿನಿಂದ ಬಂದಿದ್ದ ಜೇಮ್ಸ್ ಫ್ಲಾಯ್ಡ್ ಎಂಬ ತರುಣ ಎಂಜಿನಿಯರ್ ವಿನ್ಯಾಸದ ಹೊಣೆ ಹೊತ್ತರು. ಮೊದಲ ಯೋಜನೆಯಂತೆ ರೋಲ್ಸ್-ರಾಯ್ಸ್ ಕಂಪನಿಯ ಹೊಸ ಏವನ್ ಎಂಜಿನ್ ಎರಡನ್ನು ಅಳವಡಿಸಬೇಕಾಗಿತ್ತು. ಆ ಎಂಜಿನ್ ಸಕಾಲದಲ್ಲಿ ನಾಗರಿಕ ಬಳಕೆಗೆ ದೊರೆಯುವುದಿಲ್ಲವೆಂದು ತಿಳಿದಾಗ, ಹಳೆಯ ಮಾದರಿಯ ನಾಲ್ಕು ಡರ್ವೆಂಟ್ ಎಂಜಿನ್ನುಗಳನ್ನು ಬಳಸುವುದು ಅನಿವಾರ್ಯವಾಯಿತು. ಡರ್ವೆಂಟ್ ನಂಬಿಕೆಗೆ ಅರ್ಹವಾದ ಎಂಜಿನ್ನಾದರೂ ಇಂಧನವನ್ನು ಹೆಚ್ಚಾಗಿ ಕುಡಿಯುತ್ತಿತ್ತು. ವಿಮಾನದ ತೂಕ ಹೆಚ್ಚಿತು, ಅದು ಕ್ರಮಿಸಬಲ್ಲ ದೂರದ ಲೆಕ್ಕಾಚಾರ ಬಿಗಿಯಾಯಿತು. ವಿಮಾನ ಹಾರುವ ಮೊದಲೇ ಟ್ರಾನ್ಸ್-ಕೆನಡಾ ಸಂಸ್ಥೆ ಹಿಂದೆ ಸರಿಯಿತು.

ಹೀಗಿದ್ದರೂ ಕೆಲಸ ಮುಂದುವರಿದು, 1949ರ ಆಗಸ್ಟ್ 10ರಂದು ಜಿಮ್ಮಿ ಓರೆಲ್ ಅವರು ಮಾಲ್ಟನ್‌ನಿಂದ ಜೆಟ್‌ಲೈನರನ್ನು ಮೊದಲ ಬಾರಿಗೆ ಹಾರಿಸಿದರು. ಇದಕ್ಕೆ ಕೇವಲ 14 ದಿನ ಮೊದಲು, ಜುಲೈ 27ರಂದು, ಇಂಗ್ಲೆಂಡಿನ ಹ್ಯಾಟ್‌ಫೀಲ್ಡಿನಲ್ಲಿ ಜಾನ್ ಕನ್ನಿಂಗ್‌ಹ್ಯಾಮ್ ಅವರು ಡಿ ಹ್ಯಾವಿಲೆಂಡ್ ಕಂಪನಿಯ ಕಾಮೆಟ್ ವಿಮಾನವನ್ನು ಹಾರಿಸಿದ್ದರು. ಹಾಗಾಗಿ ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನವೆಂಬ ಕೀರ್ತಿ ಕಾಮೆಟ್‌ಗೆ ಸಂದಿತು. ಆಗಸ್ಟ್ 16ರ ಎರಡನೆಯ ಹಾರಾಟದಲ್ಲಿ ಜೆಟ್‌ಲೈನರಿನ ಮುಖ್ಯ ಚಕ್ರಗಳು ಕೆಳಗಿಳಿಯಲಿಲ್ಲ. ಓರೆಲ್ ಅವರು ವಿಮಾನವನ್ನು ಎಂಜಿನ್ ಗೂಡುಗಳ ಮೇಲೆಯೇ ಇಳಿಸಿದರು. ಹಾನಿ ಅಲ್ಪವಾಗಿತ್ತು, ಕೆಲವೇ ವಾರಗಳಲ್ಲಿ ವಿಮಾನ ಮತ್ತೆ ಹಾರಿತು.

1950ರ ಏಪ್ರಿಲ್ 18ರಂದು ಅದು ಅಂಚೆಯನ್ನು ಹೊತ್ತು ಟೊರಾಂಟೊದಿಂದ ನ್ಯೂಯಾರ್ಕಿಗೆ ಒಂದು ಗಂಟೆಯೊಳಗೆ ತಲುಪಿತು. ಅಮೆರಿಕ ಸಂಯುಕ್ತ ಸಂಸ್ಥಾನದ ಬಳಿ ಆಗ ಹಾರಾಡುವ ಜೆಟ್ ಪ್ರಯಾಣಿಕ ವಿಮಾನವೊಂದೂ ಇರಲಿಲ್ಲ ಎಂಬುದನ್ನು ನೆನೆದರೆ ಈ ಹಾರಾಟದ ಮಹತ್ವ ಅರಿವಾಗುತ್ತದೆ. ವಿಮಾನದ ವಿನ್ಯಾಸ ಕುರಿತ ಪ್ರಬಂಧಕ್ಕಾಗಿ ಫ್ಲಾಯ್ಡ್ ಅವರಿಗೆ ರೈಟ್ ಸೋದರರ ಹೆಸರಿನ ಪದಕ ದೊರೆಯಿತು. ಕಂಪನಿ ಇಟ್ಟ ‘ಜೆಟ್‌ಲೈನರ್’ ಎಂಬ ಅಂಕಿತನಾಮ ಕಾಲಕ್ರಮೇಣ ಇಂಗ್ಲಿಷಿನಲ್ಲಿ ಎಲ್ಲ ಜೆಟ್ ಪ್ರಯಾಣಿಕ ವಿಮಾನಗಳಿಗೂ ಅನ್ವಯಿಸುವ ರೂಢನಾಮವಾಯಿತು. ವಿಮಾನ ಅಳಿದರೂ ಹೆಸರು ಉಳಿಯಿತು.

ನಿಲುಗಡೆ ಮತ್ತು ನಾಶ

1950ರ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಆರಂಭವಾಯಿತು. ಆವ್ರೋ ಕೆನಡಾ ಕಂಪನಿಯ ಸಿಎಫ್-100 ಎಂಬ ಯುದ್ಧವಿಮಾನದ ತಯಾರಿಕೆ ದೇಶದ ರಕ್ಷಣೆಯ ದೃಷ್ಟಿಯಿಂದ ತುರ್ತಿನದಾಗಿ, ಅದು ನಿರೀಕ್ಷಿತ ವೇಗದಲ್ಲಿ ಸಾಗುತ್ತಿರಲಿಲ್ಲ. ಪ್ರಭಾವಿ ಮಂತ್ರಿಯಾಗಿದ್ದ ಸಿ. ಡಿ. ಹೋವ್ ಅವರು 1951ರಲ್ಲಿ ಜೆಟ್‌ಲೈನರ್ ಕೆಲಸವನ್ನು ನಿಲ್ಲಿಸಿ ಯುದ್ಧವಿಮಾನದತ್ತ ಪೂರ್ಣ ಗಮನ ಹರಿಸುವಂತೆ ಕಂಪನಿಗೆ ಸೂಚಿಸಿದರು. ಮುಕ್ಕಾಲುಪಾಲು ಸಿದ್ಧವಾಗಿದ್ದ ಎರಡನೆಯ ಮೂಲಮಾದರಿಯನ್ನು ಒಡೆದುಹಾಕಲಾಯಿತು. 1952ರಲ್ಲಿ ಅಮೆರಿಕದ ಉದ್ಯಮಿ ಹೋವರ್ಡ್ ಹ್ಯೂಸ್ ಅವರು ವಿಮಾನವನ್ನು ಕ್ಯಾಲಿಫೋರ್ನಿಯಾಕ್ಕೆ ತರಿಸಿಕೊಂಡು ಸ್ವತಃ ಹಾರಿಸಿ ನೋಡಿ, ತಮ್ಮ ಹಿಡಿತದಲ್ಲಿದ್ದ ಟಿಡಬ್ಲ್ಯೂಎ ವಿಮಾನಯಾನ ಸಂಸ್ಥೆಗಾಗಿ ಕೊಳ್ಳಲು ಆಸಕ್ತರಾಗಿದ್ದರು. ಮಾಲ್ಟನ್ ಕಾರ್ಖಾನೆಗೆ ತಯಾರಿಸುವ ಅವಕಾಶವಿಲ್ಲದ ಕಾರಣ ಅಮೆರಿಕದಲ್ಲಿಯೇ ತಯಾರಿಸುವ ಆಲೋಚನೆಯೂ ನಡೆಯಿತು, ಅದೂ ಕೈಗೂಡಲಿಲ್ಲ.

ಉಳಿದ ಒಂದೇ ವಿಮಾನ, ಸಿಎಫ್-ಇಜೆಡಿ-ಎಕ್ಸ್ ಎಂಬ ನೋಂದಣಿಯದು, ಮುಂದೆ ಸಿಎಫ್-100 ಪರೀಕ್ಷೆಗಳ ವೇಳೆ ಛಾಯಾಗ್ರಹಣಕ್ಕೂ ವೀಕ್ಷಣೆಗೂ ಬಳಕೆಯಾಯಿತು. 1956ರ ಡಿಸೆಂಬರಿನಲ್ಲಿ ಅದನ್ನೂ ಕತ್ತರಿಸಿ ಗುಜರಿಗೆ ಹಾಕಲಾಯಿತು. ಮೂತಿಯ ಭಾಗವೊಂದು ಮಾತ್ರ ಉಳಿದು, ಈಗ ಒಟ್ಟಾವಾದ ಕೆನಡಾ ವೈಮಾನಿಕ ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿದೆ. ಚಾಲಕರ ಕೋಣೆಯಷ್ಟನ್ನೇ ನೋಡಿ ಇಡೀ ವಿಮಾನವನ್ನು ಕಲ್ಪಿಸಿಕೊಳ್ಳುವುದು ಅಸಾಧ್ಯ. ಹೀಗಾಗಿ ಜೆಟ್‌ಲೈನರಿನ ಸಮಗ್ರ ರೂಪವನ್ನು ಕಾಣಬಯಸುವವರಿಗೆ ಛಾಯಾಚಿತ್ರಗಳ ಜತೆಗೆ ಪ್ರತಿಕೃತಿಯೇ ಗತಿಯಾಗಿದೆ.

ಇದು ಜೆಟ್‌ಲೈನರಿಗೆ ಮಾತ್ರ ಒದಗಿದ ಗತಿಯಲ್ಲ. ಕಾಮೆಟ್‌ನ ಎರಡೂ ಮೂಲಮಾದರಿಗಳು ಇಂದು ಇಲ್ಲ. ಮೊದಲನೆಯದನ್ನು 1953ರಲ್ಲಿಯೇ ಬಿಚ್ಚಿಹಾಕಲಾಯಿತು. ಮೊದಲ ದಿನಗಳ ಮೂರು ಪ್ರಮುಖ ಮೂಲಮಾದರಿಗಳಲ್ಲಿ ಇಡಿಯಾಗಿ ಉಳಿದಿರುವುದು 1954ರ ಜುಲೈ 15ರಂದು ಹಾರಿದ, ‘ಡ್ಯಾಶ್ 80’ ಎಂದು ಹೆಸರಾದ ಬೋಯಿಂಗ್ 367-80 ಒಂದೇ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ 1972ರಲ್ಲಿ ಅದನ್ನು ಸ್ವೀಕರಿಸಿತು. ಅದು ಈಗ ವಾಷಿಂಗ್‌ಟನ್ ಬಳಿಯ ಆ ಸಂಸ್ಥೆಯ ಸಂಗ್ರಹಾಲಯದಲ್ಲಿದೆ. ಗೆದ್ದವರ ಮೂಲಮಾದರಿ ಉಳಿಯುತ್ತದೆ, ಉಳಿದವರದು ಗುಜರಿಗೆ ಹೋಗುತ್ತದೆ ಎಂಬುದನ್ನು ನಿಯಮವೆಂದು ಹೇಳಲಾಗದು. ಆದರೆ ಈ ಮೂರು ವಿಮಾನಗಳ ಮಟ್ಟಿಗೆ ಅದು ನಿಜ. ಇದರ ಪರಿಣಾಮವಾಗಿ ಸಂಗ್ರಹಾಲಯಗಳು ಹೇಳುವ ಕಥೆಯೂ ಗೆದ್ದವರತ್ತ ವಾಲುತ್ತದೆ. ಸೋತವರ ಕಥೆಯನ್ನು ಅದರ ಪಕ್ಕದಲ್ಲಿಡಲು ಪ್ರತಿಕೃತಿ ಬೇಕಾಗುತ್ತದೆ.

ಪ್ರತಿಕೃತಿಯನ್ನು ಓದುವ ಬಗೆ

ಒಂದೇ ಪ್ರಮಾಣದ ಮೂರು ಪ್ರತಿಕೃತಿಗಳನ್ನು, ಅಂದರೆ ಕಾಮೆಟ್, ಜೆಟ್‌ಲೈನರ್ ಮತ್ತು ಡ್ಯಾಶ್ 80 ವಿಮಾನಗಳವನ್ನು, ಅಕ್ಕಪಕ್ಕ ಇಟ್ಟು ನೋಡಿದಾಗ ಬರಹದಿಂದ ಸುಲಭವಾಗಿ ದಕ್ಕದ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಎಂಜಿನ್ನುಗಳನ್ನು ಎಲ್ಲಿಡಬೇಕೆಂಬ ಒಂದೇ ಪ್ರಶ್ನೆಗೆ ಮೂರು ತಂಡಗಳು ಮೂರು ಉತ್ತರಗಳನ್ನು ಕೊಟ್ಟಿವೆ. ಕಾಮೆಟ್‌ನಲ್ಲಿ ನಾಲ್ಕು ಎಂಜಿನ್ನುಗಳು ರೆಕ್ಕೆಯ ಬುಡದೊಳಗೆ ಹುದುಗಿವೆ. ಜೆಟ್‌ಲೈನರಿನಲ್ಲಿ ಅವು ಜೋಡಿಜೋಡಿಯಾಗಿ ರೆಕ್ಕೆಯ ಕೆಳಗಣ ದಪ್ಪ ಗೂಡುಗಳಲ್ಲಿವೆ. ಡ್ಯಾಶ್ 80ರಲ್ಲಿ ಪ್ರತಿಯೊಂದು ಎಂಜಿನ್ನೂ ರೆಕ್ಕೆಯಿಂದ ಮುಂಚಾಚಿ ಪ್ರತ್ಯೇಕವಾಗಿ ತೂಗುತ್ತದೆ. ರೆಕ್ಕೆಗಳ ಸಂಗತಿಯೂ ಹಾಗೆಯೇ. ಜೆಟ್‌ಲೈನರಿನದು ಅಂದಿನ ಪ್ರೊಪೆಲ್ಲರ್ ವಿಮಾನಗಳಂತೆ ಬಹುಮಟ್ಟಿಗೆ ನೇರವಾದ ರೆಕ್ಕೆ. ಕಾಮೆಟ್‌ನದು ಸುಮಾರು 20 ಡಿಗ್ರಿ ಹಿಂಬಾಗಿದೆ. ಡ್ಯಾಶ್ 80ರದು 35 ಡಿಗ್ರಿ. ಐದು ವರ್ಷಗಳ ಅವಧಿಯಲ್ಲಿ ಅತಿವೇಗದ ಹಾರಾಟದ ತಿಳಿವಳಿಕೆ ಎಷ್ಟು ಮುಂದುವರಿಯಿತೆಂಬುದಕ್ಕೆ ಈ ಮೂರು ಕೋನಗಳೇ ಸಾಕ್ಷಿ.

ಇನ್ನೂ ಸೂಕ್ಷ್ಮವಾಗಿ ನೋಡಿದರೆ ಪ್ರತಿಕೃತಿಯ ರೂಪದಲ್ಲಿ ನಿರ್ಣಯಗಳ ಚರಿತ್ರೆಯೂ ಅಚ್ಚಾಗಿರುವುದು ತಿಳಿಯುತ್ತದೆ. ಜೆಟ್‌ಲೈನರಿನ ಎಂಜಿನ್ ಗೂಡುಗಳು ಅಷ್ಟು ಅಗಲವಾಗಿರುವುದೇಕೆ? ಎರಡು ಏವನ್ ಎಂಜಿನ್ನುಗಳಿಗಾಗಿ ಕಲ್ಪಿಸಿದ್ದ ವಿಮಾನಕ್ಕೆ ನಾಲ್ಕು ಡರ್ವೆಂಟ್ ಎಂಜಿನ್ನುಗಳನ್ನು ಸೇರಿಸಬೇಕಾಗಿ ಬಂದ ಸಂಕಟವೇ ಆ ಅಗಲ. ವಿಮಾನ ನೆಲಕ್ಕೆ ಅಷ್ಟು ಹತ್ತಿರವಾಗಿ ನಿಲ್ಲುವುದೇಕೆ? ಅದರ ಮುಖ್ಯ ಚಕ್ರಗಳ ಕಾಲುಗಳು ಗಿಡ್ಡವಾಗಿದ್ದು ಅದೇ ಗೂಡುಗಳೊಳಗೆ ಮಡಚಿಕೊಳ್ಳುತ್ತಿದ್ದವು. ಎರಡನೆಯ ಹಾರಾಟದಲ್ಲಿ ಚಕ್ರಗಳಿಲ್ಲದೆ ಇಳಿದರೂ ವಿಮಾನ ಹೆಚ್ಚು ನುಗ್ಗಾಗದೆ ಉಳಿದದ್ದು ಹೇಗೆಂಬುದು, ಪ್ರತಿಕೃತಿಯನ್ನು ಚಕ್ರಗಳಿಲ್ಲದೆ ಮೇಜಿನ ಮೇಲಿಟ್ಟರೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಗೂಡುಗಳು ಮೊದಲು ನೆಲವನ್ನು ತಾಗಿ ಒಡಲಿನ ಬಹುಭಾಗವನ್ನು ಕಾಯುತ್ತವೆ.

ಮೂಲಮಾದರಿಗೂ ಅನಂತರದ ತಯಾರಿಕೆಗೂ ಇರುವ ವ್ಯತ್ಯಾಸವನ್ನು ಗುರುತಿಸುವುದು ಈ ಓದಿನ ಮತ್ತೊಂದು ಅಂಗ. ಕಾಮೆಟ್‌ನ ಮೂಲಮಾದರಿಯಲ್ಲಿ ಪ್ರತಿ ರೆಕ್ಕೆಯಡಿ ಒಂದೊಂದು ದೊಡ್ಡ ಚಕ್ರವಿದ್ದು, ಪ್ರಯಾಣಿಕರನ್ನು ಹೊತ್ತ ವಿಮಾನಗಳಲ್ಲಿ ಅದರ ಬದಲು ನಾಲ್ಕು ಚಕ್ರಗಳ ಜೋಡಣೆ ಬಂದಿತು. ಮೊದಲ ಹಾರಾಟದ ದಿನ ಅದರ ಮೇಲಿದ್ದ ಗುರುತು ಜಿ-5-1. ಜಿ-ಎಎಲ್‌ವಿಜಿ ಎಂಬ ನೋಂದಣಿ ಆಮೇಲಿನದು. ಆದ್ದರಿಂದ ಒಂದೊಂದೇ ಚಕ್ರದ, ಜಿ-5-1 ಗುರುತಿನ ಪ್ರತಿಕೃತಿ 1949ರ ಬೇಸಿಗೆಯ ಒಂದು ನಿರ್ದಿಷ್ಟ ಘಳಿಗೆಯನ್ನು ಹೇಳುತ್ತದೆ. ನಾಲ್ಕು ಚಕ್ರಗಳ ಮೇಲೆ ಅದೇ ಗುರುತನ್ನು ಬರೆದಿದ್ದರೆ, ಒಂದು ಹಸ್ತಪ್ರತಿಯ ಪಾಠವನ್ನು ಇನ್ನೊಂದಕ್ಕೆ ಬೆರೆಸಿದ ಲಿಪಿಕಾರನ ದೋಷದಂತೆ ಅದು ಕಾಲಗಳ ಬೆರಕೆ. ಡ್ಯಾಶ್ 80ರ ಸಂಗತಿಯಲ್ಲಿ ಒಡಲಿನ ಅಗಲವನ್ನು ಅಳೆಯಬೇಕು. ಅದರ ಒಡಲು 132 ಅಂಗುಲ ಅಗಲ; ಅದರಿಂದ ಹುಟ್ಟಿದ ಬೋಯಿಂಗ್ 707 ವಿಮಾನದ್ದು 148 ಅಂಗುಲ. 72ರಲ್ಲಿ ಒಂದರ ಪ್ರಮಾಣದಲ್ಲಿ ಈ ವ್ಯತ್ಯಾಸ ಆರು ಮಿಲಿಮೀಟರಿಗಿಂತಲೂ ಕಡಿಮೆ. 707ರ ಪ್ರತಿಕೃತಿಗೆ ಬಣ್ಣ ಬದಲಿಸಿ ಡ್ಯಾಶ್ 80 ಎಂದು ಕರೆದರೆ ಸಾಮಾನ್ಯ ನೋಡುಗರಿಗೆ ತಿಳಿಯದು. ಆದರೆ ಸಾಲಿನಲ್ಲಿ ಒಂದು ಆಸನ ಹೆಚ್ಚಿಸಲು ಒಡಲನ್ನು ಹಿಗ್ಗಿಸಿದ ಮಹತ್ವದ ವಾಣಿಜ್ಯ ನಿರ್ಣಯವೇ ಅಲ್ಲಿ ಅಳಿಸಿಹೋಗುತ್ತದೆ. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳಿಗೆ ಕೊಡುವ ಗಮನವನ್ನೇ ಇಲ್ಲಿಯೂ ಕೊಡಬೇಕಾಗುತ್ತದೆ.

ಪ್ರಯೋಗದ ಮಾದರಿ, ವಿಚಾರಣೆಯ ಮಾದರಿ

ಪ್ರದರ್ಶನದ ಪ್ರತಿಕೃತಿಯನ್ನು ಹೀಗೆ ಓದುವಾಗ, ವಿಮಾನ ತಯಾರಿಕೆಯಲ್ಲಿಯೇ ಮಾದರಿಗಳಿಗಿರುವ ಸ್ಥಾನವನ್ನು ಮರೆಯಬಾರದು. ರೈಟ್ ಸೋದರರು 1901ರಲ್ಲಿ ತಮ್ಮದೇ ವಾಯುಸುರಂಗವನ್ನು ಕಟ್ಟಿ ಕಿರುರೆಕ್ಕೆಗಳನ್ನು ಪರೀಕ್ಷಿಸಿದ ಕಾಲದಿಂದಲೂ ವಿಮಾನ ಮೊದಲು ಹುಟ್ಟುವುದು ಮಾದರಿಯಾಗಿಯೇ. ಆದರೆ ಕಿರಿದಾದ ಮಾದರಿಯ ಸುತ್ತ ಗಾಳಿ ಹರಿಯುವ ಬಗೆ ಹಿರಿಯ ವಿಮಾನದ ಸುತ್ತ ಹರಿಯುವ ಬಗೆಯಂತೆಯೇ ಇರುವುದಿಲ್ಲ. ಗಾಳಿಯ ಜಿಗುಟುತನದ ಪ್ರಭಾವ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಈ ತೊಡಕನ್ನು ನೀಗಲು ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ 1920ರ ದಶಕದ ಮೊದಲಲ್ಲಿ ಮ್ಯಾಕ್ಸ್ ಮುಂಕ್ ಅವರ ಸಲಹೆಯಂತೆ ಸುರಂಗದೊಳಗಿನ ಗಾಳಿಯನ್ನೇ ಸುಮಾರು 20 ಪಟ್ಟು ಒತ್ತಡಕ್ಕೆ ಒತ್ತಿ ಪರೀಕ್ಷೆ ನಡೆಸಲಾಯಿತು. ಮಾದರಿಯನ್ನು ಹಿಗ್ಗಿಸಲಾಗದಿದ್ದರೆ ಗಾಳಿಯನ್ನು ಬದಲಿಸುವುದು ಇದರ ತತ್ತ್ವ. ಮಾದರಿಯ ಮಾತನ್ನು ತಿದ್ದುಪಡಿಯಿಲ್ಲದೆ ನಂಬಬಾರದೆಂಬ ವಿವೇಕ ವಿಜ್ಞಾನಿಗಳಲ್ಲಿ ಆಗಲೇ ಬೇರೂರಿತ್ತು.

ದುರಂತದ ಅನಂತರದ ವಿಚಾರಣೆಯಲ್ಲಿಯೂ ಮಾದರಿಗಳು ಸಾಕ್ಷಿ ನುಡಿದಿವೆ. 1952ರ ಮೇ 2ರಂದು ಪ್ರಯಾಣಿಕ ಸೇವೆ ಆರಂಭಿಸಿದ ಕಾಮೆಟ್‌ಗಳಲ್ಲಿ ಒಂದು, ಸರಿಯಾಗಿ ಒಂದು ವರ್ಷದ ತರುವಾಯ, ಕಲ್ಕತ್ತೆಯಿಂದ ಹೊರಟ ಸ್ವಲ್ಪ ಹೊತ್ತಿನಲ್ಲಿ ಬಿರುಗಾಳಿಯಲ್ಲಿ ಸಿಲುಕಿ ಒಡೆದು 43 ಜನ ಮಡಿದರು. 1954ರ ಜನವರಿ 10ರಂದು ಎಲ್ಬಾ ದ್ವೀಪದ ಬಳಿ, ಏಪ್ರಿಲ್ 8ರಂದು ನೇಪಲ್ಸ್ ಬಳಿ ಇನ್ನೆರಡು ವಿಮಾನಗಳು ಆಕಾಶದಲ್ಲಿಯೇ ಸಿಡಿದವು. ಫಾರ್ನ್‌ಬರೋದ ವೈಮಾನಿಕ ಸಂಶೋಧನ ಕೇಂದ್ರ ನಡೆಸಿದ ತನಿಖೆಯಲ್ಲಿ ಪೂರ್ಣಗಾತ್ರದ ಒಂದು ಕಾಮೆಟ್ ಒಡಲನ್ನು ನೀರಿನ ತೊಟ್ಟಿಯೊಳಗಿಟ್ಟು ಒತ್ತಡವನ್ನು ಏರಿಸಿ ಇಳಿಸಿ ಪರೀಕ್ಷಿಸಿದ್ದು ಪ್ರಸಿದ್ಧವಾದ ಸಂಗತಿ. ಸುಮಾರು 3,000 ಹಾರಾಟಗಳಿಗೆ ಸಮನಾದ ಒತ್ತಡದ ಅನಂತರ ಲೋಹ ದಣಿದು ಒಡಲು ಬಿರಿಯಿತು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ಅದೇ ತನಿಖೆಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿರುಗಾತ್ರದ ಒಡಲನ್ನು ಮಾಡಿ, ಒಳಗೆ ಪುಟ್ಟ ಆಸನಗಳನ್ನೂ ಬೊಂಬೆಗಳನ್ನೂ ಇರಿಸಿ, ಒಡಲು ಹಠಾತ್ತನೆ ಬಿರಿದಾಗ ಏನಾಗುತ್ತದೆಂಬುದನ್ನು ಚಿತ್ರೀಕರಿಸಿದ್ದು. ಮೃತರ ದೇಹಗಳಲ್ಲಿ ಇಟಲಿಯ ವೈದ್ಯರು ಕಂಡ ಗಾಯಗಳಿಗೆ ಕಾರಣವೇನೆಂಬುದನ್ನು ಆ ಬೊಂಬೆಗಳ ಚಲನೆ ವಿವರಿಸಲು ನೆರವಾಯಿತು. ಲೋಹದ ದಣಿವನ್ನು ಪತ್ತೆಹಚ್ಚಲು ಪೂರ್ಣಗಾತ್ರವೇ ಬೇಕಾಯಿತು. ಏಕೆಂದರೆ ತಗಡಿನ ದಪ್ಪ, ತೂತುಗಳ ಅಂಚು, ರಿವೆಟ್ಟುಗಳ ಸಾಲು ಇವು ಕುಗ್ಗಿಸಲು ಬಾರದಂಥವು. ಚಲನೆಯ ಕ್ರಮವನ್ನು ತಿಳಿಯಲು ಕಿರುಗಾತ್ರ ಸಾಕಾಯಿತು. ಯಾವ ಪ್ರಶ್ನೆಗೆ ಯಾವ ಮಾದರಿ ಎಂಬ ವಿವೇಚನೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರಕುವುದು ಕಷ್ಟ.

ಆವ್ರೋ ಕೆನಡಾ ಕಂಪನಿಯ ಕಥೆಯಲ್ಲಿಯೇ ಇದಕ್ಕೆ ಇನ್ನೊಂದು ಅಧ್ಯಾಯವಿದೆ. ಅದರ ಆ್ಯರೋ ಎಂಬ ಯುದ್ಧವಿಮಾನ ಯೋಜನೆಯನ್ನು ಕೆನಡಾ ಸರ್ಕಾರ 1959ರ ಫೆಬ್ರವರಿ 20ರಂದು ರದ್ದುಗೊಳಿಸಿತು. ಸಿದ್ಧವಾಗಿದ್ದ ವಿಮಾನಗಳನ್ನು ಕತ್ತರಿಸಿಹಾಕಲಾಯಿತು. ಆದರೆ 1950ರ ದಶಕದ ನಡುವೆ ರಾಕೆಟ್ಟುಗಳ ನೆರವಿನಿಂದ ಒಂಟಾರಿಯೊ ಸರೋವರದ ಮೇಲೆ ಹಾರಿಸಿದ್ದ ಪರೀಕ್ಷಾ ಮಾದರಿಗಳು ನೀರಿನ ತಳದಲ್ಲಿ ಉಳಿದುಬಿಟ್ಟಿದ್ದವು. ಅವುಗಳಲ್ಲೊಂದನ್ನು 2017ರಲ್ಲಿ ಪತ್ತೆಹಚ್ಚಿ 2018ರಲ್ಲಿ ಮೇಲೆತ್ತಲಾಯಿತು. ಯೋಜನೆಯ ಕುರುಹುಗಳನ್ನು ಅಳಿಸಿದವರ ಕೈಗೆ ಸಿಗದೆ ಉಳಿದದ್ದು ಹೀಗೆ ಎಸೆದುಬಿಟ್ಟ ಮಾದರಿಯೇ ಆಯಿತು. ಜೆಟ್‌ಲೈನರಿಗೆ ಇಂಥ ಭಾಗ್ಯವಿಲ್ಲ.

ಪ್ರತಿಕೃತಿ ಹೇಳಲಾರದ್ದು

ಪ್ರತಿಕೃತಿಯ ಸಾಕ್ಷ್ಯಕ್ಕೆ ಒಂದು ಅಪಾಯವೂ ಅಂಟಿಕೊಂಡಿದೆ. ಅದು ಮೂಲವನ್ನು ಅದರ ಅತ್ಯುತ್ತಮ ಸ್ಥಿತಿಯಲ್ಲಿ ನಿಲ್ಲಿಸಿಬಿಡುತ್ತದೆ. ಮೇಜಿನ ಮೇಲಿನ ಜೆಟ್‌ಲೈನರ್ ಇಂಧನ ಕುಡಿಯುವುದಿಲ್ಲ, ತೂಕ ಏರಿಸಿಕೊಳ್ಳುವುದಿಲ್ಲ, ಗಿರಾಕಿಗಳನ್ನು ಕಳೆದುಕೊಳ್ಳುವುದಿಲ್ಲ. ಅದರ ಅಂದವನ್ನು ನೋಡಿದವರಿಗೆ ‘ಇಂಥದ್ದನ್ನು ಒಡೆದರಲ್ಲ’ ಎಂಬ ಮರುಕ ಸಹಜವಾಗಿಯೇ ಹುಟ್ಟುತ್ತದೆ. ಕೆನಡಾದ ಜನಮನದಲ್ಲಿ ಜೆಟ್‌ಲೈನರ್ ಮತ್ತು ಆ್ಯರೋ ಎರಡೂ ಕೈತಪ್ಪಿದ ಭವಿಷ್ಯದ ಸಂಕೇತಗಳಾಗಿವೆ. ಫ್ಲಾಯ್ಡ್ ಅವರು 1986ರಲ್ಲಿ ಪ್ರಕಟಿಸಿದ ಜೆಟ್‌ಲೈನರ್ ಕುರಿತ ಪುಸ್ತಕವು ವಿನ್ಯಾಸಕಾರರ ಪಕ್ಷವನ್ನು ಲೋಕದ ಮುಂದಿಟ್ಟಿತು.

ಆದರೆ ಚರಿತ್ರಕಾರರು ಇನ್ನೊಂದು ಪಕ್ಷವನ್ನೂ ತೂಗಿನೋಡಬೇಕು. ಯುದ್ಧದ ಒತ್ತಡದಲ್ಲಿದ್ದ ಸರ್ಕಾರಕ್ಕೆ ಒಂದೇ ಕಾರ್ಖಾನೆಯಲ್ಲಿ ಎರಡು ದೊಡ್ಡ ಯೋಜನೆಗಳನ್ನು ನಡೆಸುವುದು ಸಾಧ್ಯವೇ ಎಂಬ ಪ್ರಶ್ನೆ ಕ್ಷುಲ್ಲಕವಾದುದಲ್ಲ. ಮೊದಲ ಗಿರಾಕಿಯೇ ಹಿಂದೆ ಸರಿದಿದ್ದ ವಿಮಾನವನ್ನು ಅನ್ಯದೇಶದ ಸಂಸ್ಥೆಗಳು ನಿಜವಾಗಿಯೂ ಕೊಳ್ಳುತ್ತಿದ್ದವೇ ಎಂಬುದು ಆಸಕ್ತಿಯ ಮಾತುಗಳಿಂದ ಸಿದ್ಧವಾಗುವುದಿಲ್ಲ. ಟ್ರಾನ್ಸ್-ಕೆನಡಾ ಸಂಸ್ಥೆ 1955ರಲ್ಲಿ ಬ್ರಿಟನ್ನಿನ ವೈಕೌಂಟ್ ವಿಮಾನಗಳನ್ನು ಸೇವೆಗೆ ತಂದಿತು. ಪ್ರೊಪೆಲ್ಲರನ್ನು ತಿರುಗಿಸಲು ಟರ್ಬೈನ್ ಬಳಸುವ, ಮಿತವ್ಯಯದ ಆ ವಿಮಾನ ಅದರ ಅಗತ್ಯಗಳಿಗೆ ಒದಗಿತು. ಕಾಮೆಟ್ ದುರಂತಗಳು ತೋರಿಸಿಕೊಟ್ಟಂತೆ ಒತ್ತಡ ತುಂಬಿದ ಒಡಲು ಎತ್ತರದಲ್ಲಿ ಎಷ್ಟು ಕಾಲ ಬಾಳುತ್ತದೆಂಬ ತಿಳಿವಳಿಕೆ ಆಗ ಯಾರಿಗೂ ಪೂರ್ತಿಯಾಗಿ ಇರಲಿಲ್ಲ. ಇನ್ನೊಂದೆಡೆ, ಉತ್ತರ ಅಮೆರಿಕದಲ್ಲಿ ಜೆಟ್‌ಲೈನರಿನ ಅನಂತರ ಮತ್ತೊಂದು ಜೆಟ್ ಪ್ರಯಾಣಿಕ ವಿಮಾನದ ಮೂಲಮಾದರಿ ಹಾರಲು ಸುಮಾರು ಐದು ವರ್ಷಗಳು ಹಿಡಿದವು ಎಂಬುದೂ ಅಷ್ಟೇ ಸತ್ಯ. ಆ ಐದು ವರ್ಷಗಳ ಮುನ್ನಡೆಯನ್ನು ಪರೀಕ್ಷೆಗೆ ಒಡ್ಡದೆಯೇ ಕೈಬಿಟ್ಟದ್ದು ನಷ್ಟವೇ ಸರಿ. ಕೆಲಸ ನಿಲ್ಲಿಸಿದ್ದಕ್ಕೆ ಸಮರ್ಥನೆ ಹುಡುಕಬಹುದು. ಉಳಿದಿದ್ದ ಒಂದೇ ವಿಮಾನವನ್ನು ಕತ್ತರಿಸಿದ್ದಕ್ಕೆ ಸಮರ್ಥನೆ ಹುಡುಕುವುದು ಕಷ್ಟ. ಈ ಎರಡು ನಿರ್ಣಯಗಳನ್ನು ಬೇರೆಬೇರೆಯಾಗಿ ತೂಗಬೇಕೆಂಬುದೇ ಪ್ರಸ್ತುತ ಲೇಖಕನ ಅಭಿಪ್ರಾಯ. ಮೊದಲನೆಯದು ರಾಜಕೀಯ ಮತ್ತು ಅರ್ಥಶಾಸ್ತ್ರದ ಪ್ರಶ್ನೆ. ಎರಡನೆಯದು ಆಕರಗಳ ರಕ್ಷಣೆಯ ಪ್ರಶ್ನೆ.

ಉಪಸಂಹಾರ

ಈ ಚರ್ಚೆ ಕರ್ನಾಟಕಕ್ಕೆ ಹೊರಗಿನದೆನಿಸಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ವಿಭಾಗ 1942ರಲ್ಲಿ ಆರಂಭವಾಯಿತು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ 1.2 ಮೀಟರ್ ವಾಯುಸುರಂಗ 1967ರಿಂದ ಮಾದರಿಗಳನ್ನು ಪರೀಕ್ಷಿಸುತ್ತ ಬಂದಿದೆ. ಕುರ್ಟ್ ಟಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಎಫ್-24 ಮರುತ್ ವಿಮಾನ 1961ರಲ್ಲಿ ಹಾರುವ ಮೊದಲು, 1959ರಲ್ಲಿ, ಅದರ ಪೂರ್ಣಗಾತ್ರದ ಮರದ ಗ್ಲೈಡರನ್ನು ಬೆಂಗಳೂರಿನ ಆಕಾಶದಲ್ಲಿ ಇನ್ನೊಂದು ವಿಮಾನದಿಂದ ಎಳೆಸಿ ಹಾರಿಸಲಾಗಿತ್ತು. ಒಂದಕ್ಕೆ ಒಂದರ ಪ್ರಮಾಣದ ಮಾದರಿ ಅದು. 2001ರಲ್ಲಿ ಬೆಂಗಳೂರಿನಲ್ಲಿ ತೆರೆದ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವೈಮಾನಿಕ ಸಂಗ್ರಹಾಲಯದಂಥ ತಾಣಗಳು ವಿಮಾನಗಳನ್ನು ಕಾಯುತ್ತಿವೆ. ಆದರೆ ವಾಯುಸುರಂಗದ ಮಾದರಿ, ಮರದ ಅಚ್ಚು, ಪರೀಕ್ಷೆಯಲ್ಲಿ ಮುರಿದ ಭಾಗ ಇವುಗಳನ್ನೂ ಹಸ್ತಪ್ರತಿಗಳಂತೆ ಪಟ್ಟಿಮಾಡಿ ಕಾಯಬೇಕೆಂಬ ಎಚ್ಚರ ಎಲ್ಲ ದೇಶಗಳಲ್ಲಿಯೂ ಇನ್ನೂ ಬೆಳೆಯಬೇಕಾಗಿದೆ. ಕೆಲಸ ಮುಗಿದ ಮಾದರಿ ಕೇವಲ ಜಾಗ ಹಿಡಿಯುವ ವಸ್ತುವಾಗಿ ಕಾಣುತ್ತದೆ. ಜೆಟ್‌ಲೈನರ್ ಕೂಡ ತನ್ನ ಕಾರ್ಖಾನೆಯವರಿಗೆ 1956ರಲ್ಲಿ ಹಾಗೆಯೇ ಕಂಡಿತು.

ಒಟ್ಟಾರೆ ಹೇಳುವುದಾದರೆ, ಪ್ರತಿಕೃತಿಯು ಅಳಿದ ವಿಮಾನದ ಹೊರರೂಪ, ಅಂಗಗಳ ಪರಸ್ಪರ ಸಂಬಂಧ ಹಾಗೂ ವಿನ್ಯಾಸಕಾರರು ಕೈಗೊಂಡ ಕೆಲವು ನಿರ್ಣಯಗಳ ಗುರುತುಗಳನ್ನು ವಿಶ್ವಾಸಾರ್ಹವಾಗಿ ಉಳಿಸಿಕೊಡುತ್ತದೆ. ಅದು ಯಾವ ದಿನಾಂಕದ ರೂಪವನ್ನು, ಯಾವ ನಕ್ಷೆ ಮತ್ತು ಚಿತ್ರಗಳ ಆಧಾರದಿಂದ ತೋರಿಸುತ್ತದೆಂಬುದನ್ನು ಪ್ರತಿಕೃತಿಯ ಜತೆಗೇ ದಾಖಲಿಸಿಟ್ಟರೆ ಅದರ ಬೆಲೆ ಇನ್ನೂ ಹೆಚ್ಚುತ್ತದೆ. ವಸ್ತುವಿನ ಬಲ, ಆಯುಸ್ಸು, ಖರ್ಚು ಮತ್ತು ವಿಮಾನ ಅಳಿಯಲು ಕಾರಣವಾದ ಸನ್ನಿವೇಶಗಳನ್ನು ತಿಳಿಯಲು ಮಾತ್ರ ಕಡತಗಳಿಗೂ ಲೆಕ್ಕಪತ್ರಗಳಿಗೂ ಹೋಗಲೇಬೇಕು. ಒಟ್ಟಾವಾದಲ್ಲಿರುವ ಮೂತಿಯ ತುಂಡಿನಿಂದ ಲೋಹದ ದಪ್ಪವನ್ನು ಅಳೆಯಬಹುದು; 35 ಸೆಂಟಿಮೀಟರಿನ ಪ್ರತಿಕೃತಿಯಿಂದ ಆ ಲೋಹ ತಾಳಿದ್ದ ಆಕಾರವನ್ನು ಕಾಣಬಹುದು. ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ, ಏಳು ವರ್ಷ ಹಾರಿಯೂ ಒಬ್ಬ ಪ್ರಯಾಣಿಕನಿಗೂ ಚೀಟಿ ಮಾರದ ಆ ವಿಮಾನಕ್ಕೆ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಸಲ್ಲುತ್ತದೆ.